ಹಲಗೆಯಿಂದ ಅಳಿಸಿದ ಗುಳಿಗೆ

ಟೆಸ್ಟ್ ಮಾಡಿಸುವ ಎಂದವಳು ನಾನು. ಡಾಕ್ಟರು ಹೇಳಿರಲಿಲ್ಲ, ಮಗಳು ಹೇಳಿರಲಿಲ್ಲ, ನಮ್ಮ ಯಜಮಾನರಂತೂ ಬೇಡ ಮಾರಾಯ್ತಿ ಎಂದು ಕೈ ಮುಗಿದಿದ್ದರು. ಆದರೆ ನಾನೊಮ್ಮೆ ಹಟ ಹಿಡಿದರೆ ಬಿಡುವವಳಲ್ಲ. ಸಯನ್‌ನ ಈ ಬಿಲ್ಡಿಂಗಿನ ಎರಡನೇ ಮಾಳಿಗೆಗೆ ಮದುವೆಯಾಗಿ ಬಂದು ನಲವತ್ತು ವರ್ಷ ಆಯಿತು. ನೀರು ಬಿಡುವವನಿಂದ ಹಿಡಿದು ಸೊಸೈಟಿಯ ಸೆಕ್ರೆಟರಿಯವರೆಗೆ ಎಲ್ಲರೂ ನನ್ನ ಬಾಯಿಗೆ ಹೆದರುತ್ತಾರೆ. ಇವರು ಹೆದರಿದ್ದಲ್ಲ, ಮನೆಯಲ್ಲಿ ಶಾಂತಿ ಇರಲಿ ಎಂದು ಒಪ್ಪಿಕೊಂಡರು. ಒಪ್ಪಿಕೊಳ್ಳದೆ ಇದ್ದಿದ್ದರೆ ಇವತ್ತು ಈ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದರೋ ಏನೋ.

ಇವರು ಹೋಟೆಲಿನವರು. ಉಡುಪಿ ಕಡೆಯಿಂದ ಹದಿನೈದನೇ ವಯಸ್ಸಿಗೆ ಮುಂಬಯಿಗೆ ಬಂದು, ಮೊದಲು ಮೇಜು ಒರೆಸಿ, ಆಮೇಲೆ ಸಪ್ಲಾಯರ್ ಆಗಿ, ಕಡೆಗೆ ಗ್ರಾಂಟ್ ರೋಡಿನಲ್ಲಿ ಒಂದು ಸಣ್ಣ ಹೋಟೆಲನ್ನು ತಾವೇ ನಡೆಸಿದರು. ಅಲ್ಲಿ ಮೆನು ಕಾರ್ಡು ಇರಲಿಲ್ಲ. ಬಾಗಿಲ ಪಕ್ಕ ಒಂದು ಕರಿಹಲಗೆ, ಅದರಲ್ಲಿ ಆ ದಿನ ಏನೇನು ಉಂಟು ಎಂದು ಇವರು ಸೀಮೆಸುಣ್ಣದಿಂದ ಬರೆಯುವುದು. ಖಾಲಿಯಾದದ್ದನ್ನು ಅಳಿಸುವುದು. ಅದನ್ನು ಪುನಃ ಬರೆಯಬೇಕಾದರೆ ಇವರೇ ಒಳಗೆ ಹೋಗಿ, ಪಾತ್ರೆ ಮುಚ್ಚಳ ತೆಗೆದು ನೋಡಿ, ಇವರೇ ಬರೆಯಬೇಕು. ಬೇರೆ ಯಾರೂ ಕೈ ಹಾಕುವ ಹಾಗಿಲ್ಲ. ಹಲಗೆಯಲ್ಲಿ ಇಲ್ಲದ್ದು ಅಡುಗೆಮನೆಯಲ್ಲೂ ಇಲ್ಲ ಎಂಬುದು ಆ ಹೋಟೆಲಿನ ಕಾನೂನು. ಅಳಿಸಿದ ಐಟಂ ಬಗ್ಗೆ ಯಾರಾದರೂ ಸಪ್ಲಾಯರ್ "ಅಣ್ಣ, ಉಂಟಾ?" ಎಂದು ಕೇಳಿದರೆ ಇವರು ಹಲಗೆಯ ಕಡೆ ಬೆರಳು ತೋರಿಸುತ್ತಿದ್ದರು.

ಹಳೆಯ ಕಟ್ಟಡ ಕೆಡವುವಾಗ ಹೋಟೆಲು ಮುಚ್ಚಬೇಕಾಯಿತು. ಗ್ರೈಂಡರು, ಕಾವಲಿ, ಮೇಜು, ಎಲ್ಲವನ್ನೂ ಬಿಟ್ಟು ಇವರು ಮನೆಗೆ ತಂದದ್ದು ಆ ಹಲಗೆಯನ್ನು ಮಾತ್ರ. ಫ್ರಿಜ್ಜಿನ ಪಕ್ಕ ಮೊಳೆ ಹೊಡೆದು ತೂಗು ಹಾಕಿದರು. ನಾನು ಬೈದೆ. ಅಷ್ಟರಲ್ಲಿ ಇವರಿಗೆ ಗುಳಿಗೆಗಳು ಶುರುವಾಗಿದ್ದವು, ಹಲಗೆಗೆ ಕೆಲಸ ಸಿಕ್ಕಿತು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮೂರು ಸಾಲು. ಯಾವ ಹೊತ್ತಿಗೆ ಯಾವ ಗುಳಿಗೆ ಎಂದು ಇವರು ಬರೆದಿಡುವುದು, ನಾನು ಅದನ್ನು ನೋಡಿ ಡಬ್ಬಿಯಿಂದ ತೆಗೆದು ನೀರಿನ ಜೊತೆ ಕೈಗೆ ಕೊಡುವುದು. ಇದು ಚೆನ್ನಾಗಿಯೇ ನಡೆಯುತ್ತಿತ್ತು. ನಮ್ಮ ಫ್ಯಾಮಿಲಿ ಡಾಕ್ಟರು ಒಮ್ಮೆ ಮನೆಗೆ ಬಂದಾಗ ಹಲಗೆ ನೋಡಿ ನಕ್ಕು, ತಮ್ಮ ಎಲ್ಲ ಪೇಶಂಟುಗಳ ಮನೆಯಲ್ಲೂ ಹೀಗೆ ಇರಬೇಕಿತ್ತು ಎಂದಿದ್ದರು.

ಆ ಗುಳಿಗೆಗಳಲ್ಲಿ ಮುಖ್ಯವಾದದ್ದು ರಕ್ತ ತೆಳು ಮಾಡುವ ಗುಳಿಗೆ. ಗ್ರಾಂಟ್ ರೋಡ್ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಒಂದು ದಿನ ಏದುಸಿರು ಬಂದು ಕೂತುಬಿಟ್ಟಿದ್ದರು. ಪರೀಕ್ಷೆ ಮಾಡಿದಾಗ ಹೃದಯ ತಾಳ ತಪ್ಪಿ ಬಡಿಯುತ್ತಿದೆ ಎಂದು ಗೊತ್ತಾಯಿತು. ಹಾಗೆ ಬಡಿಯುವ ಹೃದಯದ ಒಳಗೆ ರಕ್ತ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ತಲೆಗೆ ಹೋದರೆ ಲಕ್ವ ಹೊಡೆಯಬಹುದು, ಅದಕ್ಕಾಗಿ ಈ ಗುಳಿಗೆ ಜೀವಮಾನವಿಡೀ ಬೇಕು ಎಂದು ಡಾಕ್ಟರು ತಿಳಿಸಿ ಹೇಳಿದ್ದರು. ತಿಂಗಳಿಗೊಮ್ಮೆ ರಕ್ತ ಎಷ್ಟು ತೆಳುವಾಗಿದೆ ಎಂದು ನೋಡುವ ಟೆಸ್ಟ್ ಬೇರೆ.

ನನಗೆ ಆ ಗುಳಿಗೆ ಕಂಡರೆ ಆಗುತ್ತಿರಲಿಲ್ಲ. ಕಪಾಟಿನ ಮೂಲೆ ತಾಗಿದರೆ ಸಾಕು, ಇವರ ತೋಳಿನ ಮೇಲೆ ಅಂಗೈಯಗಲದ ನೀಲಿ ಕಲೆ. ಹಲ್ಲುಜ್ಜಿದರೆ ಬೇಸಿನ್ನಿನಲ್ಲಿ ರಕ್ತ. ಗಡ್ಡ ಕೆರೆಯುವಾಗ ಸ್ವಲ್ಪ ಗೀರಿದರೆ ಅರ್ಧ ಗಂಟೆ ಹತ್ತಿ ಒತ್ತಿ ಹಿಡಿಯಬೇಕು. ಎಲ್ಲಕ್ಕಿಂತ ದೊಡ್ಡ ಸಂಕಟ ಬಸಳೆಯದ್ದು. ಸೊಪ್ಪು ತಿಂದರೆ ಗುಳಿಗೆಯ ಬಲ ಹೆಚ್ಚುಕಡಿಮೆ ಆಗುತ್ತದಂತೆ, ಹಾಗಾಗಿ ಮನಸ್ಸು ಬಂದ ಹಾಗೆ ತಿನ್ನುವಂತಿಲ್ಲ. ನಮ್ಮವರಿಗೆ ಬಸಳೆ ಬೇಡ ಎಂದರೆ ಊಟವೇ ಬೇಡ ಎಂದ ಹಾಗೆ. ಮಾಟುಂಗದ ಮಾರ್ಕೆಟ್ಟಿನಲ್ಲಿ ಎಳೆ ಬಸಳೆಯ ದಂಟು ಕಂಡಾಗ ಇವರು ಕೈಯಲ್ಲಿ ಹಿಡಿದು ನೋಡಿ ಅಲ್ಲೇ ಇಟ್ಟು ಬರುತ್ತಿದ್ದರು. ಗುಳಿಗೆ ಮಾಡುವ ಹಾನಿ ನನ್ನ ಕಣ್ಣೆದುರೇ ಇತ್ತು. ಅದು ಮಾಡುವ ಉಪಕಾರ ಮಾತ್ರ ಒಂದು ದಿನವೂ ಕಣ್ಣಿಗೆ ಬೀಳಲಿಲ್ಲ. ಲಕ್ವ ಹೊಡೆಯದೆ ಕಳೆದ ದಿನ ನೋಡಲು ಬೇರೆ ದಿನಗಳ ಹಾಗೆಯೇ ಇರುತ್ತದೆ.

ಟೆಸ್ಟಿನ ಹುಳ ನನ್ನ ತಲೆಗೆ ಹೊಕ್ಕದ್ದು ಮೂರನೇ ಮಾಳಿಗೆಯವರಿಂದ. ಆ ಮನೆಯ ಯಜಮಾನರಿಗೆ ಏನೂ ಲಕ್ಷಣ ಇರಲಿಲ್ಲ. ಸುಮ್ಮನೆ ಟೆಸ್ಟ್ ಮಾಡಿಸಿದ್ದರಂತೆ, ಕರುಳಿನಲ್ಲಿ ಗಡ್ಡೆ ಶುರುವಿನಲ್ಲೇ ಸಿಕ್ಕಿ, ಆಪರೇಷನ್ ಆಗಿ, ಈಗ ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ. ಅದು ಸುಳ್ಳಲ್ಲ, ನಿಜವಾಗಿ ಟೆಸ್ಟ್ ಅವರನ್ನು ಉಳಿಸಿತು. ಅವರ ಹೆಂಡತಿ ಲಿಫ್ಟಿನಲ್ಲಿ ಸಿಕ್ಕಿದಾಗಲೆಲ್ಲ "ನಾನು ಹಠ ಮಾಡಿದ್ದಕ್ಕೆ ಬದುಕಿದರು" ಎನ್ನುತ್ತಿದ್ದಳು. ನನಗೆ ಹೆದರಿಕೆಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು. ಹಾಗೆಲ್ಲ ಹೇಳಿಕೊಳ್ಳುವ ಆಸೆ ನನಗೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅಷ್ಟರಲ್ಲಿ ಒಂದು ಭಾನುವಾರ ಯಾವುದೋ ಲ್ಯಾಬಿನವರು ನಮ್ಮ ಸೊಸೈಟಿಯ ಆಫೀಸಿನಲ್ಲಿ ಮೇಜು ಹಾಕಿ ಕೂತರು. ಗಂಡ ಹೆಂಡತಿ ಇಬ್ಬರಿಗೂ ತಲೆಯಿಂದ ಕಾಲಿನವರೆಗೆ ತಪಾಸಣೆ, ಹೊಟ್ಟೆಯ ಸೋನೋಗ್ರಫಿಯೂ ಸೇರಿ. ನಾನು ಇವರನ್ನು ಕೇಳದೆ ಇಬ್ಬರ ಹೆಸರು ಬರೆಸಿ ಬಂದೆ.

"ಯಾಕೆ ಮಾರಾಯ್ತಿ?" ಎಂದರು ಇವರು. "ನನಗೆ ಎಂತ ಆಗಿದೆ ಈಗ? ಚಂದ ಓಡುವ ಗ್ರೈಂಡರನ್ನು ಯಾರಾದರೂ ಬಿಚ್ಚಿ ನೋಡ್ತಾರಾ?"

"ನೀವು ಗ್ರೈಂಡರ್ ಅಲ್ಲ."

"ಹೌದು. ಗ್ರೈಂಡರ್ ಆಗಿದ್ರೆ ಒಂದು ಸ್ವಿಚ್ಚಾದರೂ ಇರ್ತಿತ್ತು, ನಿನ್ನ ಮಾತು ಶುರುವಾದ ಕೂಡಲೇ ಬಂದ್ ಮಾಡ್ಲಿಕ್ಕೆ."

ನಗಿಸಿ ತಪ್ಪಿಸಿಕೊಳ್ಳುವುದು ಇವರ ಅಭ್ಯಾಸ. ಮಗಳಿಗೆ ಫೋನ್ ಮಾಡಿ ದೂರು ಹೇಳಿ, ಫೋನನ್ನು ನನ್ನ ಕೈಗೆ ಕೊಟ್ಟರು. ಅವಳು ಠಾಣೆಯಲ್ಲಿರುವುದು, ಕನ್ನಡ ಅರ್ಥವಾಗುತ್ತದೆ, ಮಾತಾಡುವಾಗ ಹಿಂದಿ ಬೆರೆಸಿ ಎಡವುತ್ತಾಳೆ. "ಅಮ್ಮಾ, ಅಪ್ಪ ಠೀಕ್ ಇದ್ದಾರೆ ನಾ? ಫಿರ್ ಯಾಕೆ ಮಾಡುದು? ಡಾಕ್ಟರ್ ಬೋಲಾ ಕ್ಯಾ?" ಎಂದಳು. ನಿನಗೆ ಗೊತ್ತಾಗುವುದಿಲ್ಲ, ಸುಮ್ಮನಿರು ಎಂದು ಫೋನ್ ಇಟ್ಟೆ. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಆ ಗಾದೆಯನ್ನು ಊರಿಗೆಲ್ಲ ಹೇಳುವವಳು ನಾನೇ.

ರಿಪೋರ್ಟು ಬಂತು. ನನ್ನದರಲ್ಲಿ ಕೊಲೆಸ್ಟರಾಲ್ ಸ್ವಲ್ಪ ಹೆಚ್ಚು. ಇವರದರಲ್ಲಿ ಎಡ ಕಿಡ್ನಿಯಲ್ಲಿ ಒಂದು ಸಣ್ಣ ಗಂಟು, ಸುಮಾರು ನೆಲ್ಲಿಕಾಯಿಯಷ್ಟು. ನಾನು ಆ ಸಾಲನ್ನು ಎರಡೆರಡು ಸಲ ಓದಿದೆ. ಜೊತೆಗೇ, ಸತ್ಯ ಹೇಳುತ್ತೇನೆ, "ನೋಡಿದಿರಾ, ನಾನು ಹೇಳಿರಲಿಲ್ವಾ?" ಎಂದು ಬಾಯಿಗೆ ಬಂದೇಬಿಟ್ಟಿತು. ಇವರು ರಿಪೋರ್ಟಿನ ಕಾಗದವನ್ನು ಮಡಚಿ ಲಕೋಟೆಯೊಳಗೆ ಇಟ್ಟರು.

ಫ್ಯಾಮಿಲಿ ಡಾಕ್ಟರು ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಅದರಲ್ಲಿ ಒಳ್ಳೆಯದೋ ಕೆಟ್ಟದ್ದೋ ಖಚಿತವಾಗಿ ಹೇಳಲು ಬರುವುದಿಲ್ಲ ಎಂದು ಬಂತು. ಅವರು ಶಾಂತವಾಗಿ, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ, ಬೆಳೆದಿದ್ದರೆ ಆಗ ಯೋಚಿಸೋಣ, ಎಪ್ಪತ್ತು ದಾಟಿದವರಲ್ಲಿ ಹುಡುಕಿದರೆ ಏನಾದರೊಂದು ಸಿಕ್ಕೇ ಸಿಗುತ್ತದೆ ಎಂದರು. ಮೂರು ತಿಂಗಳು! ನನಗೆ ಮೂರು ದಿನ ನಿದ್ದೆ ಇಲ್ಲ. ಈ ಡಾಕ್ಟರಿಗೆ ವಯಸ್ಸಾಯಿತು, ಹೊಸ ವಿಷಯ ಗೊತ್ತಿಲ್ಲ ಎಂದು ಮನಸ್ಸಿನಲ್ಲೇ ಬೈದುಕೊಂಡು, ದೊಡ್ಡ ಆಸ್ಪತ್ರೆಯ ಸ್ಪೆಷಲಿಸ್ಟರ ಹತ್ತಿರ ಇವರನ್ನು ಎಳೆದುಕೊಂಡು ಹೋದೆ.

ಸ್ಪೆಷಲಿಸ್ಟರು ಒಳ್ಳೆಯವರೇ. ಅವರ ಮೇಲೆ ಗೂಬೆ ಕೂರಿಸುವುದಿಲ್ಲ. ಎರಡು ದಾರಿ ಇದೆ ಎಂದರು. ಕಾದು ನೋಡುವುದು ಒಂದು. ಸೂಜಿ ಹಾಕಿ ಗಂಟಿನ ಚೂರು ತೆಗೆದು ಬಯಾಪ್ಸಿ ಮಾಡುವುದು ಇನ್ನೊಂದು. ಬಯಾಪ್ಸಿ ಮಾಡಬೇಕಾದರೆ ರಕ್ತ ತೆಳು ಮಾಡುವ ಗುಳಿಗೆಯನ್ನು ಐದು ದಿನ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಒಳಗೆ ರಕ್ತಸ್ರಾವ ಆಗಬಹುದು. ನಿಲ್ಲಿಸಿದ ದಿನಗಳಲ್ಲಿ ಹೆಪ್ಪುಗಟ್ಟುವ ಅಪಾಯ ಇದೆ, ದೊಡ್ಡದಲ್ಲ, ಆದರೆ ಇದೆ. ಎಲ್ಲವನ್ನೂ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಭಟ್ಟರ ಮಂತ್ರಕ್ಕೆ ತಲೆ ಆಡಿಸಿದ ಹಾಗೆ ನಾನು ತಲೆ ಆಡಿಸಿದೆ. ಎಲ್ಲ ಮುಗಿದ ಮೇಲೆ ನಾನು ಕೇಳಿದ ಪ್ರಶ್ನೆ ಒಂದೇ. ಸೂಜಿ ಚುಚ್ಚುವಾಗ ನೋವಾಗುತ್ತದಾ ಎಂದು.

"ನಿಮಗೆ ಯಾವುದು ಬೇಕು, ಯೋಚಿಸಿ ಹೇಳಿ" ಎಂದರು ಅವರು ಇವರ ಕಡೆ ನೋಡಿ. ಇವರು ನನ್ನ ಕಡೆ ನೋಡಿದರು. ನಾನು ಬಯಾಪ್ಸಿ ಎಂದೆ.

ಐದು ದಿನ ಮೊದಲು, ಶನಿವಾರ, ಇವರು ಒದ್ದೆ ಬಟ್ಟೆ ತಂದು ಹಲಗೆಯ ಮೂರನೇ ಸಾಲಿನಿಂದ ಆ ಗುಳಿಗೆಯ ಹೆಸರನ್ನು ಅಳಿಸಿದರು. ಅಲ್ಲಿಗೆ ಅದು ನಮ್ಮ ಮನೆಯಿಂದ ಹೋಯಿತು. ಡಬ್ಬಿಯಲ್ಲಿ ಇತ್ತು, ಆದರೆ ನಮ್ಮ ಲೆಕ್ಕಕ್ಕೆ ಇರಲಿಲ್ಲ.

ಈಗ ಹೇಳಿದರೆ ಯಾರೂ ನಂಬುವುದಿಲ್ಲ, ಆ ದಿನಗಳಲ್ಲಿ ನಾವು ಖುಷಿಯಾಗಿದ್ದೆವು. ಮೂರನೇ ದಿನಕ್ಕೆ ಬೇಸಿನ್ನಿನಲ್ಲಿ ರಕ್ತ ಕಾಣುವುದು ನಿಂತಿತು. ತೋಳಿನ ಕಲೆಗಳು ಹಳದಿಗೆ ತಿರುಗಿ ಮಾಸತೊಡಗಿದವು. ಗುಳಿಗೆಯೇ ಇಲ್ಲದ ಮೇಲೆ ಸೊಪ್ಪಿಗೆ ಯಾಕೆ ಹೆದರುವುದು ಎಂದು ನಾನೇ ಮಾಟುಂಗಕ್ಕೆ ಹೋಗಿ ಬಸಳೆ ತಂದೆ. ತೆಂಗಿನಕಾಯಿ ಅರೆದು, ಅಲಸಂದೆ ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಗಸಿ ಮಾಡಿದೆ. ಇವರು ದಂಟನ್ನು ಜಗಿದು ಜಗಿದು ರಸ ಹೀರಿ, ತಟ್ಟೆಯ ಬದಿಯಲ್ಲಿ ನಾರು ಗುಡ್ಡೆ ಹಾಕಿದರು.

"ನೋಡಿ, ಇಷ್ಟು ವರ್ಷ ಆ ಗುಳಿಗೆಯೇ ನಿಮ್ಮನ್ನು ಹಾಳು ಮಾಡಿದ್ದು" ಎಂದೆ.

"ಇನ್ನು ಸ್ವಲ್ಪ ಬಡಿಸು" ಎಂದರು.

ಗುರುವಾರ ಬಯಾಪ್ಸಿ. ಬುಧವಾರ ಸಂಜೆಯಿಂದ ಮಳೆ. ಬೆಳಿಗ್ಗೆ ನೋಡಿದರೆ ನಮ್ಮ ರಸ್ತೆಯಲ್ಲಿ ಮೊಣಕಾಲಿನವರೆಗೆ ನೀರು, ಸಯನ್ ಸ್ಟೇಷನ್ನಿನಲ್ಲಿ ಹಳಿಗಳು ಕಾಣುತ್ತಿಲ್ಲ, ಲೋಕಲ್ ಬಂದ್. ಇದು ನಮಗೇನು ಹೊಸತಲ್ಲ. ಆಸ್ಪತ್ರೆಯಿಂದ ಫೋನ್ ಬಂತು. ಡಾಕ್ಟರಿಗೂ ಬರಲಿಕ್ಕೆ ಆಗುತ್ತಿಲ್ಲವಂತೆ. "ಅಗಲೇ ಗುರುವಾರ್ ಆಯಿಯೇ, ಖಾಲಿ ಪೇಟ್" ಎಂದು ಅಲ್ಲಿಯ ಹೆಂಗಸು ಮುಂದಿನ ಗುರುವಾರಕ್ಕೆ ಹಾಕಿದಳು. ಅವಳಿಗೆ ಇನ್ನೂ ಎಷ್ಟೋ ಜನರಿಗೆ ಫೋನ್ ಮಾಡಬೇಕಿತ್ತೋ ಏನೋ, ಗಡಿಬಿಡಿಯಲ್ಲಿದ್ದಳು. ಖಾಲಿ ಹೊಟ್ಟೆ ಎಂದರೆ ಕಾಫಿಯೂ ಬೇಡವಾ ಎಂದು ನಾನು ವಿಚಾರಿಸಿದೆ. ಕಾಫಿಯೂ ಬೇಡ ಎಂದಳು. ಗುಳಿಗೆಯ ಸುದ್ದಿ ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಭಾನುವಾರ ಗುಳಿಗೆ ತೆಗೆಯುವಾಗ ನನಗೆ ಹಲಗೆಯ ಮೂರನೇ ಸಾಲಿನ ಖಾಲಿ ಜಾಗ ಕಂಡಿತು.

"ಹೋಯ್, ಆ ಗುಳಿಗೆ ಹೀಗೇ ಬಿಡುದಾ? ಐದು ದಿನ ಅಂತ ಹೇಳಿದ್ದಲ್ವಾ ಅವರು?"

"ಬಂದ್ ಅಂದ್ರೆ ಬಂದ್. ಡಾಕ್ಟರ್ ಪುನಃ ಹೇಳಲಿ, ಬರೆಯುವ" ಎಂದರು ಇವರು. ಐವತ್ತು ವರ್ಷ ಹೋಟೆಲಿನಲ್ಲಿ ದುಡಿದ ಮನುಷ್ಯ. ಅಳಿಸಿದ್ದನ್ನು ಸುಮ್ಮನೆ ಪುನಃ ಬರೆಯುವುದು ಅವರ ಕೈಯಿಂದ ಆಗುವ ಕೆಲಸವಲ್ಲ. ನಾನಾದರೂ ಫೋನ್ ಮಾಡಿ ಕೇಳಬೇಕಿತ್ತು. ಭಾನುವಾರ ದವಾಖಾನೆ ಇರುವುದಿಲ್ಲ, ಸೋಮವಾರ ಕೇಳುವ ಎಂದುಕೊಂಡೆ. ಸೋಮವಾರ ಮನೆಯ ಗೋಡೆಗೆ ನೀರು ಇಳಿದು, ಅದನ್ನು ತೋರಿಸಲಿಕ್ಕೆ ಸೆಕ್ರೆಟರಿಯ ಹತ್ತಿರ ಜಗಳವಾಡಿ, ಮರೆತುಬಿಟ್ಟೆ. ಫ್ರಿಜ್ಜಿನಲ್ಲಿ ಇನ್ನೂ ಎರಡು ದಿನಕ್ಕಾಗುವಷ್ಟು ಬಸಳೆ ಇತ್ತು. ಅದೂ ಒಂದು ಕಾರಣ. ಗುಳಿಗೆ ಪುನಃ ಶುರುವಾದರೆ ಬಸಳೆ ಬಿಸಾಡಬೇಕಲ್ಲ ಎಂದು ಒಂದು ಕ್ಷಣವಾದರೂ ನನ್ನ ತಲೆಗೆ ಬಂದಿತ್ತು.

ಬುಧವಾರ ಬೆಳಿಗ್ಗೆ ನಾನು ಅಡುಗೆಮನೆ ಒರೆಸಿ ಬಾಲ್ದಿ ಎತ್ತಿಟ್ಟಿದ್ದೆ. ಇವರು ಮೇಜಿನ ಹತ್ತಿರ ಕಾಫಿ ಕುಡಿಯುತ್ತಿದ್ದರು. ಲೋಟ ಠಣ್ಣೆಂದು ನೆಲಕ್ಕೆ ಬಿತ್ತು, ಕಾಫಿ ಫ್ರಿಜ್ಜಿನವರೆಗೆ ಹರಿಯಿತು.

"ಅಯ್ಯೋ, ಈಗಷ್ಟೇ ಒರೆಸಿದ್ದು ನಾನು! ಕಣ್ಣು ಎಲ್ಲಿ ಇಟ್ಟುಕೊಂಡಿದ್ದೀರಿ?" ಎಂದೆ.

ಲಕ್ವ ಹೊಡೆದ ಗಳಿಗೆಯಲ್ಲಿ ಅವರು ಕೇಳಿದ ನನ್ನ ಮಾತು ಅದು. ತಿರುಗಿ ನೋಡಿದರೆ ಬಾಯಿ ಒಂದು ಕಡೆಗೆ ಇಳಿದಿದೆ. ಬಲಗೈ ಮೇಜಿನ ಕೆಳಗೆ ಜೋತುಬಿದ್ದಿದೆ. ಇವರು ನನ್ನನ್ನೇ ನೋಡುತ್ತಾ ಏನೋ ಹೇಳಲು ಹೊರಟಿದ್ದಾರೆ, ಬರೀ ಒಂದು ಸ್ವರ ಬರುತ್ತಿದೆ. ಆ ಕಣ್ಣುಗಳಲ್ಲಿದ್ದ ಗಾಬರಿಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಪಕ್ಕದ ಮನೆಯವರು ಕೆಳಗಿಳಿಸಿ ಟ್ಯಾಕ್ಸಿಗೆ ಹಾಕಿದರು. ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಯಾವ ಯಾವ ಔಷಧಿ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. "ಖೂನ್ ಪತಲಾ ಕರ್ನೆ ಕಿ ಗೋಲಿ?" ಎಂದು ಆ ಗುಳಿಗೆಯ ಬಗ್ಗೆ ಕೇಳಿದರು.

"ಬಂದ್ ಕಿಯಾ ಹೈ."

"ಕಬ್ ಸೇ?"

ಎಷ್ಟು ದಿನದಿಂದ ಎಂದು ನಾನು ಬೆರಳು ಮಡಚಿ ಎಣಿಸಿದೆ. ಐದು ದಿನ ಎಂದು ಇದ್ದದ್ದು ಹನ್ನೆರಡಾಗಿತ್ತು. ಅವರ ಪೆನ್ನು ಒಂದು ಗಳಿಗೆ ನಿಂತಿತು, ಆಮೇಲೆ ಬರೆದುಕೊಂಡರು. ನನಗೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮಗಳು ಓಡಿಬಂದು, "ಅಮ್ಮಾ, ಕ್ಯಾ ಹುವಾ? ಅಪ್ಪನಿಗೆ ಕ್ಯಾ ಹುವಾ?" ಎಂದು ನನ್ನ ಭುಜ ಹಿಡಿದು ಅಲುಗಾಡಿಸಿದಳು.

ಜೀವ ಉಳಿಯಿತು. ಬಲಭಾಗ ಹೋಯಿತು, ಮಾತು ಹೋಯಿತು. ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತಿತ್ತು, ತಿರುಗಿ ಹೇಳಲು ಶಬ್ದ ಸಿಗುತ್ತಿರಲಿಲ್ಲ. ಮಾತು ಕಲಿಸಲು ಮನೆಗೆ ಬರುತ್ತಿದ್ದ ಹುಡುಗಿ ಒಂದು ದಿನ, ಇವರಿಗೆ ಬಾಯಿಪಾಠ ಆಗಿರುವ ಏನನ್ನಾದರೂ ಶುರು ಮಾಡಿಕೊಡಿ, ಕೆಲವರಿಗೆ ಅದು ತಾನಾಗಿ ಬರುತ್ತದೆ ಎಂದಳು. ದೇವರ ಶ್ಲೋಕ ಹೇಳಿದೆ, ಬರಲಿಲ್ಲ. ಮಗ್ಗಿ ಹೇಳಿದೆ, ಬರಲಿಲ್ಲ. ಏನೋ ಹೊಳೆದು, ಗಿರಾಕಿಯ ಹಾಗೆ ಎದುರು ಕೂತು "ಕ್ಯಾ ಹೈ?" ಎಂದೆ.

"ಇಡ್ಲಿ ವಡಾ ಸಾದಾ ಮಸಾಲಾ ಮೈಸೂರ್ ಮಸಾಲಾ ಉತ್ತಪ್ಪ ಉಪ್ಮಾ ಶೀರಾ" ಎಂದರು ನಮ್ಮವರು, ಒಂದೇ ಉಸಿರಿಗೆ, ಹರೆಯದ ಸಪ್ಲಾಯರಿನ ವೇಗದಲ್ಲಿ. ಹೇಳಿ ಮುಗಿಸಿ ತಾವೇ ಬೆಚ್ಚಿಬಿದ್ದರು. ಆ ಹುಡುಗಿ ಚಪ್ಪಾಳೆ ತಟ್ಟಿದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಅಲ್ಲಿಂದ ಮುಂದೆ ನೀರು ಬೇಕಾದರೂ ಅದೇ, ಮಗ್ಗುಲು ಬದಲಾಯಿಸಬೇಕಾದರೂ ಅದೇ. ಇಡ್ಲಿ ವಡಾ ಸಾದಾ ಎಂದು ಶುರು ಮಾಡಿ, ಇದಲ್ಲ ಎಂದು ಗೊತ್ತಾಗಿ, ಸಿಟ್ಟಿನಿಂದ ಎಡಗೈಯಿಂದ ಹಾಸಿಗೆಗೆ ಗುದ್ದುತ್ತಿದ್ದರು. ಜೀವಮಾನದಲ್ಲಿ ಸಿಟ್ಟು ಮಾಡಿದವರಲ್ಲ.

ಕೆಲವು ವಾರಗಳ ನಂತರ ಬಯಾಪ್ಸಿಯ ಮಾತು ಮತ್ತೆ ಬಂತು. ಈ ಸಲ ನಾನು ಸ್ಪೆಷಲಿಸ್ಟರನ್ನು ಕೇಳಿದೆ. ಮಾಡಿಸಿದರೆ ಏನು ಬದಲಾಗುತ್ತದೆ? ಮಾಡಿಸದಿದ್ದರೆ ಏನಾಗುತ್ತದೆ? ಅವರು, ಈ ಸ್ಥಿತಿಯಲ್ಲಿ ಏನು ಸಿಕ್ಕಿದರೂ ಆಪರೇಷನ್ ಮಾಡುವಂತಿಲ್ಲ, ಹಾಗಾಗಿ ಏನೂ ಬದಲಾಗುವುದಿಲ್ಲ ಎಂದರು. ಪುನಃ ಶುರುವಾಗಿದ್ದ ಗುಳಿಗೆಯನ್ನು ನಿಲ್ಲಿಸುವುದು ಬೇಡ, ಬರೀ ಸ್ಕ್ಯಾನ್ ಮಾಡಿ ನೋಡುತ್ತಿರೋಣ ಎಂದು ಆಯಿತು. ಕೆಟ್ಟ ಮೇಲೆ ಬುದ್ಧಿ ಬಂತು. ಅದೇ ಕುರ್ಚಿಯಲ್ಲಿ ಕೂತು ಮೊದಲ ಸಲ ಈ ಎರಡು ಪ್ರಶ್ನೆ ಕೇಳಲು ನನಗೆ ಯಾರೂ ಅಡ್ಡ ಬಂದಿರಲಿಲ್ಲ.

ಆರು ತಿಂಗಳಾದ ಮೇಲೆ ಮಾಡಿದ ಸ್ಕ್ಯಾನಿನ ರಿಪೋರ್ಟು ತರಲು ನಾನೂ ಮಗಳೂ ಹೋದೆವು. ಸ್ಪೆಷಲಿಸ್ಟರು ಹಳೆಯದನ್ನೂ ಹೊಸದನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಕೂದಲೆಳೆಯಷ್ಟೂ ಬೆಳೆದಿಲ್ಲ ಎಂದರು. ಈಗ ಸ್ಪಷ್ಟವಾಗಿ ಕಾಣುತ್ತದೆ, ಕೊಬ್ಬಿನ ಗಂಟು, ಬಹುಶಃ ಎಷ್ಟೋ ವರ್ಷದಿಂದ ಇದ್ದದ್ದು, ಇದ್ದರೆ ಇರಲಿ ಬಿಡಿ ಎಂದರು. "ಖುಷಿ ಕಿ ಬಾತ್ ಹೈ" ಎಂದು ನನ್ನ ಮುಖ ನೋಡಿ ನಗಲು ಹೊರಟವರು ಅರ್ಧಕ್ಕೆ ನಿಲ್ಲಿಸಿದರು.

ಅಂದರೆ ಇವರಿಗೆ ಏನೂ ಆಗಿರಲಿಲ್ಲ. ನಾನು ಹೆಸರು ಬರೆಸಿ ಬರುವವರೆಗೆ ನಮ್ಮ ಮನೆಯಲ್ಲಿ ಒಬ್ಬ ಆರೋಗ್ಯವಂತ ಮನುಷ್ಯ ಇದ್ದ.

ಮನೆಗೆ ಬಂದಾಗ ಇವರು ಎಚ್ಚರವಾಗಿದ್ದರು. ನನ್ನ ಕೈಯಲ್ಲಿದ್ದ ಲಕೋಟೆ ನೋಡಿ, ಎಡಗೈಯನ್ನು ತಮ್ಮ ಎಡ ಪಕ್ಕೆಯ ಮೇಲಿಟ್ಟು, ಹುಬ್ಬು ಎತ್ತಿದರು. ಹೇಗಿದೆ ಎಂದು ಕೇಳುವುದು ಅದು. ಲಕ್ವ ಹೊಡೆದದ್ದು ಆ ಗಂಟಿನ ದೆಸೆಯಿಂದಲೇ ಎಂದು ಅವರು ತಿಳಿದಿದ್ದರು. ಹಾಗೆ ತಿಳಿದಿದ್ದಾರೆ ಎಂದು ನನಗೆ ಆಸ್ಪತ್ರೆಯಿಂದ ಬಂದ ಮೊದಲ ವಾರದಲ್ಲೇ ಗೊತ್ತಾಗಿತ್ತು, ಯಾಕೆಂದರೆ ಕೈಕಾಲು ತೋರಿಸಿ, ಆಮೇಲೆ ಪಕ್ಕೆ ತೋರಿಸಿ ತಲೆ ಆಡಿಸುತ್ತಿದ್ದರು. ನಾನು ತಿದ್ದಿರಲಿಲ್ಲ. ಅಂದೂ ನಾನು, "ಕಡಿಮೆ ಆಗ್ತಾ ಉಂಟಂತೆ. ಔಷಧಿ ಹಿಡಿದಿದೆ" ಎಂದೆ.

ಮಗಳು ನನ್ನನ್ನು ಅಡುಗೆಮನೆಗೆ ಕರೆದು, "ಅಮ್ಮಾ, ಅಪ್ಪನಿಗೆ ಸಚ್ ಹೇಳು. ಅವರಿಗೆ ಹಕ್ ಉಂಟು" ಎಂದಳು. ನಾಳೆ ಹೇಳುತ್ತೇನೆ ಎಂದೆ. ಮರುದಿನ ಅವಳು ಫೋನಿನಲ್ಲಿ ಕೇಳಿದಾಗ ಹೇಳಿದೆ ಎಂದು ಸುಳ್ಳು ಹೇಳಿದೆ. ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳಲು, ಪಾಪ, ಈಗ ಯಾಕೆ ನೋಯಿಸುವುದು ಎಂದು ಹೇಳಿಕೊಳ್ಳುತ್ತಿದ್ದೆ. ಅದು ಅವರ ಮೇಲಿನ ಕರುಣೆ ಅಲ್ಲ, ನನಗೆ ಗೊತ್ತು. ನಿಮಗೆ ಏನೂ ಇರಲಿಲ್ಲ ಎಂದು ಹೇಳಿದರೆ ಮರುಕ್ಷಣ ಅವರಿಗೆ ಎಲ್ಲವೂ ಗೊತ್ತಾಗುತ್ತಿತ್ತು. ಬೇಡ ಎಂದು ಕೈ ಮುಗಿದದ್ದು, ನಾನು ಎಳೆದುಕೊಂಡು ಹೋದದ್ದು, ಹನ್ನೆರಡು ದಿನ, ಎಲ್ಲವೂ. ಆ ಕಣ್ಣುಗಳನ್ನು ಎದುರಿಸುವ ಧೈರ್ಯ ನನಗೆ ಇರಲಿಲ್ಲ.

ಐದು ತಿಂಗಳು ಹೀಗೆ ನಡೆಯಿತು. ಆಮೇಲೆ ನುಂಗಿದ ಗಂಜಿ ಶ್ವಾಸಕೋಶಕ್ಕೆ ಇಳಿದು ಜ್ವರ ಬಂತು. ಆಸ್ಪತ್ರೆಗೆ ಸೇರಿಸಿದೆವು, ಅಲ್ಲಿಯವರು ಇನ್ನು ಮನೆಯವರು ಹತ್ತಿರ ಇರಿ ಎಂದರು. ಕೊನೆಯ ದಿನ ಮಧ್ಯಾಹ್ನ ಮಗಳು ಕೆಳಗೆ ಔಷಧಿ ತರಲು ಹೋಗಿದ್ದಳು, ನಾನೊಬ್ಬಳೇ ಇದ್ದೆ. ಇವತ್ತು ಹೇಳಿಯೇಬಿಡಬೇಕು ಎಂದು ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡೆ. "ನೋಡಿ, ನನ್ನಿಂದ ಒಂದು ತಪ್ಪಾಗಿದೆ" ಎಂದು ಶುರು ಮಾಡಿದೆ, ಮುಂದೆ ಹೋಗಲು ಆಗದೆ ಅಳು ಬಂತು.

ಇವರು ಕಣ್ಣು ತೆರೆದರು. ನನ್ನ ಕೈಯನ್ನು ಎಡಗೈಯಿಂದ ಹಿಡಿದು ನಿಧಾನವಾಗಿ ತಮ್ಮ ಎಡ ಪಕ್ಕೆಯ ಮೇಲೆ ಇಟ್ಟುಕೊಂಡು, ಅದರ ಮೇಲೆ ಮೆಲ್ಲಗೆ ತಟ್ಟಿದರು. ತಲೆಯನ್ನು ಆ ಕಡೆ ಈ ಕಡೆ ಆಡಿಸಿದರು. ನಿನ್ನದೇನೂ ತಪ್ಪಿಲ್ಲ, ಈ ರೋಗಕ್ಕೆ ಯಾರೇನು ಮಾಡಲಿಕ್ಕಾಗುತ್ತದೆ, ಎಂದು. ನಾನು ಅಳುತ್ತಲೇ ಇದ್ದೆ. ಅವರು ತಟ್ಟುತ್ತಲೇ ಇದ್ದರು.

ಹೇಳಲಿಲ್ಲ. ಅವರು ಸಮಾಧಾನ ಮಾಡಿದರು, ನಾನು ಮಾಡಿಸಿಕೊಂಡೆ.